ಬಿಸ್ಕತ್ತಿನ ಮೇಜು

ಅಮೆರಿಕದ ಓಹಾಯೋದಲ್ಲಿರುವ ನಮ್ಮ ಮಹೋನಿಂಗ್ ಕಣಿವೆಯಲ್ಲಿ ಮದುವೆ ಹೇಗಾಯಿತು ಎಂದು ಕೇಳುವವರು ಹೆಣ್ಣಿನ ಬಟ್ಟೆಯ ಮಾತೆತ್ತುವುದಿಲ್ಲ, ಕೇಕಿನ ಮಾತೂ ಎತ್ತುವುದಿಲ್ಲ. ಬಿಸ್ಕತ್ತಿನ ಮೇಜು ಹೇಗಿತ್ತು ಎಂದೇ ಮೊದಲು ಕೇಳುತ್ತಾರೆ. ಉಕ್ಕಿನ ಕಾರ್ಖಾನೆಗಳ ಕಾಲದಲ್ಲಿ ಕೇಕು ತರಿಸಲಾರದ ಮನೆಗಳಿಗೆ ಅಕ್ಕಪಕ್ಕದ ಹೆಂಗಸರು ತಲೆಗೊಂದು ತಟ್ಟೆ ಬಿಸ್ಕತ್ತು ಮಾಡಿ ತಂದು ಮದುವೆ ನಡೆಸಿಕೊಟ್ಟರಂತೆ. ಆಮೇಲೆ ಕಾರ್ಖಾನೆಗಳು ಮುಚ್ಚಿದವು, ಚಿಮಣಿಗಳನ್ನು ಉರುಳಿಸಿದರು, ಅರ್ಧ ಊರು ಖಾಲಿಯಾಯಿತು. ಮೇಜು ಮಾತ್ರ ಹೋಗಲಿಲ್ಲ. ಈಗಲೂ ಮದುವೆಯೆಂದರೆ ಅತ್ತೆ, ಚಿಕ್ಕಮ್ಮ, ನೆರೆಯವಳು, ಜೊತೆಗೆ ಕೆಲಸ ಮಾಡುವವಳು, ಎಲ್ಲರ ತಟ್ಟೆಯೂ ಬರಬೇಕು. ಮದುವೆಯ ಹೆಣ್ಣು ಕೇಳಿದರೆ ಇಲ್ಲವೆನ್ನುವ ಪದ್ಧತಿ ಇಲ್ಲ.

ಮದುವೆ, ಊಟಗಳಿಗೆ ಬಾಡಿಗೆಗೆ ಕೊಡುವ ಪೋಲಾಂಚೆಕ್ ಹಾಲ್‌ನಲ್ಲಿ ಆ ಮೇಜನ್ನು ಸಜ್ಜು ಮಾಡುತ್ತಿದ್ದವಳು ರೋನಿ. ಪೂರ್ತಿ ಹೆಸರು ವೆರೋನಿಕಾ ಹ್ರಾಬಾಕ್. ಆ ಹಾಲ್ ಕಟ್ಟಿಸಿದ ಮುದುಕ ಪೋಲಾಂಚೆಕ್ ಅವಳನ್ನು ಪಾತ್ರೆ ತೊಳೆಯಲು ಸೇರಿಸಿಕೊಂಡಿದ್ದ. ಅವನು ಕಣ್ಣು ಮುಚ್ಚುವ ಹೊತ್ತಿಗೆ ಅಡುಗೆಮನೆಯೇ ಅವಳ ಕೈಯಲ್ಲಿತ್ತು. ಈಗಿನ ಯಜಮಾನ, ಅವನ ಮಗ ಎಮಿಲ್, ಚಿಕ್ಕವನಿದ್ದಾಗ ತುಂಬಿದ ತಟ್ಟೆ ಹಿಡಿದು ಜನರ ನಡುವೆ ನಡೆಯುವುದನ್ನು ಅವಳಿಂದಲೇ ಕಲಿತವನು.

ರೋನಿಗೆ ಮೇಜಿನ ವಿಷಯದಲ್ಲಿ ಒಂದು ಹಟವಿತ್ತು. ಪ್ರತಿ ತಟ್ಟೆಯ ಮುಂದೆಯೂ ಒಂದು ಚಿಕ್ಕ ಬಿಳಿ ಚೀಟಿ ನಿಲ್ಲಿಸಿ, ಅದರಲ್ಲಿ ಬಿಸ್ಕತ್ತು ಮಾಡಿದವಳ ಹೆಸರನ್ನು ತಾನೇ ದುಂಡಗೆ ಬರೆಯುತ್ತಿದ್ದಳು. ಹೆಸರಿಲ್ಲದ ತಟ್ಟೆಯೆಂದರೆ ಅಂಗಡಿಯಿಂದ ತಂದದ್ದು ಎಂದು ಜನ ತಿಳಿಯುತ್ತಾರೆ. ನಮ್ಮ ಕಡೆ ಹೆಂಗಸಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ರೋನಿಗೆ ಕಾರ್ಮೆಲಾಳ ಜೊತೆ ಒಂದೇ ಮನೆಯಲ್ಲಿ ಬಾಳುತ್ತ ಕೂದಲು ನರೆತಿತ್ತು. ಕಾರ್ಮೆಲಾ ಇಟಲಿಯವರ ಕೇರಿಯವಳು, ಬಾಯಿ ಜೋರು, ಮನೆಮನೆಗೆ ಹೋಗಿ ನೆಲ ಒರೆಸಿ ಬದುಕಿದವಳು. ಊರವರು ಅವರನ್ನು 'ಆ ಇಬ್ಬರು ಗೆಳತಿಯರು' ಎನ್ನುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಅದೂ ಒಂದು ಬಗೆಯ ಬಾಡಿಗೆ ಮನೆಯಂತೆಯೇ. ಸದ್ದು ಮಾಡದಿದ್ದರೆ ಇರಲು ಬಿಡುತ್ತಾರೆ.

ನೆಲದ ಮೇಲೆ ಊರಿ ಊರಿ ಕಾರ್ಮೆಲಾಳ ಮಂಡಿಗಳು ಸವೆದಿದ್ದವು. ಬದಲಾಯಿಸಬೇಕು ಎಂದರು ಡಾಕ್ಟರು. ಅವಳ ಬಳಿ ಇದ್ದ ಅಗ್ಗದ ವಿಮೆಯಲ್ಲಿ ಅದು ಆಗುವ ಮಾತಲ್ಲ. ರೋನಿಗೆ ಹಾಲ್‌ನ ಕೆಲಸದಿಂದ ಒಳ್ಳೆಯ ವಿಮೆ ಕಾರ್ಡಿತ್ತು. ಗಂಡನೋ ಹೆಂಡತಿಯೋ ಆದವರ ಹೆಸರನ್ನು ಅದಕ್ಕೆ ಸೇರಿಸಬಹುದಿತ್ತು, ಗೆಳತಿಯ ಹೆಸರನ್ನಲ್ಲ. ಎರಡು ಸಾವಿರದ ಹದಿನೈದರ ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ದೊಡ್ಡ ಕೋರ್ಟು, ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾದರೆ ಯಾವ ರಾಜ್ಯವೂ ತಡೆಯುವಂತಿಲ್ಲ ಎಂದಿತು. ಅವತ್ತು ಸಂಜೆ ರೋನಿ ಏಪ್ರನ್ ಕೂಡ ಬಿಚ್ಚದೆ ಮನೆಗೆ ಬಂದಳು.

"ಕಾರ್ಮೆಲಾ, ಮದುವೆ ಆಗೋಣ."

"ನನ್ನ ಮಂಡಿಗೋಸ್ಕರ ಆಗ್ತಿದೀಯಾ, ಮುಖಕ್ಕೋಸ್ಕರಾನಾ?"

"ಮುಖ ನೋಡಿದ್ರೆ ಯಾವತ್ತೋ ಓಡಿಹೋಗ್ತಿದ್ದೆ."

ಕಾರ್ಮೆಲಾ ನಕ್ಕಳು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಒಲೆ ಒರೆಸುತ್ತ ನಿಂತಳು. ಒಲೆ ಆಗಲೇ ಚೊಕ್ಕಟವಾಗಿತ್ತು.

ಹಾಲಿನಲ್ಲಿ ಮುದುಕ ಯಜಮಾನನ ಕಾಲದಿಂದ ಒಂದು ವಾಡಿಕೆಯಿತ್ತು. ಅಲ್ಲಿ ದುಡಿಯುವವರ ಮದುವೆಗೆ ಒಂದು ಭಾನುವಾರ ಹಾಲ್ ಬಿಟ್ಟಿ. ಮೇಜು ರೋನಿಯದು, ಮದುವೆಯ ಹೆಣ್ಣಿನ ಜೊತೆ ಒಂದು ಪೋಲ್ಕಾ ಕುಣಿತ ಯಜಮಾನನದು. ಬಡಿಸುವ ಡಾರ್ಲೀನ್‌ಗೂ, ಹೊರಗಿನ ಹುಲ್ಲು ಕತ್ತರಿಸುವವನಿಗೂ ಹಾಗೇ ಆಗಿತ್ತು. ರೋನಿ ಎಮಿಲ್‌ನ ಕೋಣೆಗೆ ಹೋದಳು.

"ಎಮಿಲ್, ಸೆಪ್ಟೆಂಬರಲ್ಲಿ ಒಂದು ಭಾನುವಾರ ಹಾಲ್ ಬೇಕು."

"ಯಾರಿಗೆ?"

"ನನಗೆ. ಮದುವೆಗೆ."

ಎಮಿಲ್ ಪೆನ್ನು ಕೆಳಗಿಟ್ಟ. "ಕಾರ್ಮೆಲಾ ಜೊತೆಗಾ?"

"ಇನ್ಯಾರ ಜೊತೆ? ನಿನ್ನ ಜೊತೆಗಾ?"

ಅವನ ಕಿವಿ ಕೆಂಪಾಯಿತು. ಗೋಡೆಯ ಮೇಲಿದ್ದ ಅಪ್ಪನ ಚಿತ್ರವನ್ನೊಮ್ಮೆ ನೋಡಿದ. "ಅಪ್ಪ ಮಾಡಿಟ್ಟಿದ್ದು, ನಾನು ಇಲ್ಲ ಅನ್ನಲ್ಲ. ತಗೋ. ಕಾರ್ಡಿಗೂ ಹೆಸರು ಸೇರಿಸ್ಕೋ, ನನಗೇನು ಕಷ್ಟ? ಆದರೆ ರೋನಿ, ಹೊರಗೆ ಬೋರ್ಡಲ್ಲಿ ಹೆಸರು ಹಾಕೋದು ಬೇಡ. ರಸ್ತೆಗೆ ಕಾಣುತ್ತೆ."

"ಬೋರ್ಡು ಯಾರಿಗೆ ಬೇಕು," ಎಂದಳು ರೋನಿ. ಬೇಕಿತ್ತು. ಮದುವೆಯ ದಿನ ರಸ್ತೆ ಬದಿಯ ಬೋರ್ಡಿನಲ್ಲಿ ಇಬ್ಬರ ಹೆಸರನ್ನೂ ದೊಡ್ಡ ಅಕ್ಷರದಲ್ಲಿ ಜೋಡಿಸುತ್ತಿದ್ದವಳು ಅವಳೇ.

ಆ ಹಾಲಿಗೆ ಹೆಚ್ಚಿನ ಗಿರಾಕಿಗಳು ಗುಡ್ಡದ ಮೇಲಿನ ಚರ್ಚಿನವರು. ಅವರ ಮದುವೆ, ಮಗುವಿಗೆ ಹೆಸರಿಡುವುದು, ಮಣ್ಣು ಮಾಡಿ ಬಂದವರ ಊಟ, ಎಲ್ಲ ಇಲ್ಲೇ. ಅಲ್ಲಿನ ಹೆಂಗಸರ ಮನೆಯ ಮದುವೆ ಮೇಜುಗಳನ್ನೆಲ್ಲ ರೋನಿ ಸಜ್ಜು ಮಾಡಿದ್ದಳು. ಮದುವೆಯ ಹಿಂದಿನ ಸಂಜೆ ಅವರು ಒಬ್ಬೊಬ್ಬರಾಗಿ ಹಾಲಿನ ಹಿಂಬಾಗಿಲಿಗೆ ಬಂದರು, ಬಟ್ಟೆ ಮುಚ್ಚಿದ ತಟ್ಟೆ ಹಿಡಿದು. ಮೊದಲು ಬಂದವಳು ಇರ್ಮಾ ಸಬೋಲ್. ಪೀಚ್ ಹಣ್ಣಿನ ಆಕಾರದಲ್ಲಿ, ಹಣ್ಣಿನದೇ ಬಣ್ಣದಲ್ಲಿ ಬಿಸ್ಕತ್ತು ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

"ನಾಳೆ ಬರೋಕಾಗಲ್ಲ ರೋನಿ. ನಮ್ಮನೆಯವರಿಗೆ ಹುಷಾರಿಲ್ಲ."

"ಇರಲಿ ಬಿಡು ಇರ್ಮಾ. ತಟ್ಟೆ ತಂದೆಯಲ್ಲ, ನೀನೇ ಬಂದ ಹಾಗೆ."

ಆಮೇಲೆ ತಟ್ಟೆ ತಂದ ಆಗ್ನೆಸ್‌ಳ ಗಂಡನಿಗೂ ಹುಷಾರಿರಲಿಲ್ಲ. ಅವಳ ಹಿಂದೆ ಬಂದವಳ ಗಂಡನಿಗೂ ಇರಲಿಲ್ಲ. "ಊರ ಗಂಡಸರೆಲ್ಲ ಒಟ್ಟಿಗೇ ಹಾಸಿಗೆ ಹಿಡಿದುಬಿಟ್ರಲ್ಲೇ, ನಮ್ಮ ಮದುವೆಗೆ ಇಷ್ಟು ಶಕ್ತಿ ಇದೆಯಾ!" ಎಂದಳು ಕಾರ್ಮೆಲಾ. ರೋನಿಗೆ ಅದು ನಗುವ ಮಾತಾಗಿ ಕಾಣಲಿಲ್ಲ. ಬರದಿದ್ದರೇನು, ನಿಂತು ನಾದಿ, ಮಡಿಸಿ, ಸಕ್ಕರೆ ಉದುರಿಸಿ ಕಳಿಸಿದ್ದಾರಲ್ಲ ಎಂದು ಅವಳ ಎದೆ ತುಂಬಿತು.

ಬೆಳಿಗ್ಗೆ ತನ್ನ ಮದುವೆಯ ಮೇಜನ್ನು ತಾನೇ ಸಜ್ಜು ಮಾಡಿದಳು. ನಡುವೆ ಕಾರ್ಮೆಲಾ ಕಬ್ಬಿಣದ ಅಚ್ಚಿನಲ್ಲಿ ಒತ್ತಿ ತೆಗೆದ, ಜಾಲರಿಯಷ್ಟು ತೆಳ್ಳಗಿನ ಪಿಟ್ಸೆಲ್ಲೆ ಬಿಸ್ಕತ್ತು. ಪಕ್ಕದಲ್ಲಿ ಆಕ್ರೋಟಿನ ಹೂರಣ ತುಂಬಿದ ತನ್ನ ಕೊಲಾಚಿ. ಸುತ್ತ ಬಂದವರ ತಟ್ಟೆಗಳು. ಆಮೇಲೆ ಅವಳ ಕೈ ತನ್ನಷ್ಟಕ್ಕೆ ಬಿಳಿ ಚೀಟಿಗಳನ್ನು ತೆಗೆದುಕೊಂಡಿತು. ಇರ್ಮಾ ಸಬೋಲ್ ಎಂದು ಬರೆದು ಪೀಚ್ ಬಿಸ್ಕತ್ತಿನ ಮುಂದೆ ನಿಲ್ಲಿಸಿತು. ಆಗ್ನೆಸ್‌ಳ ಹೆಸರು, ಮಿಕ್ಕವರ ಹೆಸರು. ಯಾಕೆ ಬರೆಯುತ್ತಿದ್ದೇನೆ ಎಂದು ಅವಳು ಯೋಚಿಸಲಿಲ್ಲ. ಬರೆಯದೆ ಬಿಟ್ಟಿದ್ದರೆ ಯೋಚಿಸುತ್ತಿದ್ದಳೇನೋ.

ಮದುವೆ ಚೆನ್ನಾಗಿಯೇ ಆಯಿತು. ಎಮಿಲ್ ಮಾತಿಗೆ ತಪ್ಪದೆ ಬಂದ, ರೋನಿಯ ಜೊತೆ ಒಂದು ಪೋಲ್ಕಾ ಕುಣಿದ. ಕಾರ್ಮೆಲಾ ಏಳಲಾಗದೆ ಕುರ್ಚಿಯಲ್ಲೇ ಕೂತು ಮೇಜು ಬಡಿದು ತಾಳ ಹಾಕಿದಳು. "ಕ್ರಿಸ್ಮಸ್ ಹೊತ್ತಿಗೆ ಹೊಸ ಮಂಡಿ ಬರುತ್ತೆ, ಆವಾಗ ನಿಮ್ಮನ್ನೆಲ್ಲ ಕುಣಿಸಿ ಬೀಳಿಸ್ತೀನಿ!" ಎಂದು ಕೂಗಿದಳು. ಡಾಕ್ಟರು ನವೆಂಬರಿಗೆ ದಿನ ಕೊಟ್ಟಿದ್ದರು. ಕಾರ್ಮೆಲಾಳ ತಂಗಿಯ ಮಗ ಮೇಜಿನ ಚೆಂದ ನೋಡಿ ಹತ್ತಿರದಿಂದ ಫೋಟೋ ತೆಗೆದ, ತೆಗೆದದ್ದನ್ನು ಫೇಸ್‌ಬುಕ್ಕಿಗೂ ಹಾಕಿದ.

ಸೋಮವಾರ ಹಾಲಿಗೆ ರಜ. ಮಂಗಳವಾರ ರೋನಿ ಮಿಕ್ಕ ಬಿಸ್ಕತ್ತುಗಳನ್ನು ಡಬ್ಬಕ್ಕೆ ತುಂಬಿ ಕೆಲಸಕ್ಕೆ ತಂದಳು. ಮದುವೆಯಾದವರು ಹಾಗೆ ತರಬೇಕು. ಡಾರ್ಲೀನ್, ಮಿಕ್ಕವರು ಸುತ್ತ ನಿಂತು ತಿಂದರು. ಎಮಿಲ್ ಬಂದು, ನಿಂತಲ್ಲೇ ಒಂದು ಕೊಲಾಚಿ ಬಾಯಿಗೆ ಹಾಕಿಕೊಂಡು, "ರೋನಿ, ಒಂದು ನಿಮಿಷ ಬಾ," ಎಂದ.

ಕೋಣೆಯೊಳಗೆ ಹೋಗುತ್ತಲೇ, "ಬಾಗಿಲು ಹಾಕು," ಎಂದ.

ಹಾಕಿದಳು.

"ಪಾದ್ರಿ ಫೋನ್ ಮಾಡಿದ್ರು. ಚರ್ಚಿನವರ ಮದುವೆಗಳು, ಕ್ರಿಸ್ಮಸ್ ಊಟ, ಎಲ್ಲಾ ಬೇರೆ ಕಡೆ ಮಾಡ್ಕೋತಾರಂತೆ. ಫೋಟೋ ನೋಡಿದಾರೆ. ಇರ್ಮಾ ಹೆಸರು ಅಲ್ಲಿ ಯಾಕಿಟ್ಟೆ ನೀನು?"

"ಅವಳು ತಟ್ಟೆ ಕೊಟ್ಟಳು, ಇಟ್ಟೆ."

"ಗುಟ್ಟಾಗಿ ಕೊಟ್ಟಳು!"

"ಗುಟ್ಟಾಗಿ ಕೊಡೋಕೆ ಅದೇನು ಕಳ್ಳಭಟ್ಟಿನಾ ಎಮಿಲ್? ಬಿಸ್ಕತ್ತು ಅದು."

"ನಿನ್ನೆ ಸಂಜೆ ಚರ್ಚಿನ ಪ್ರಾರ್ಥನೇಲಿ ಅವಳನ್ನ ಎಲ್ಲರ ಮುಂದೆ ಎಬ್ಬಿಸಿ ಕೇಳಿದಾರೆ. ಅವಳ ಗಂಡ ಕುದೀತಿದಾನೆ." ಎಮಿಲ್ ಅಂಗೈಯಿಂದ ಮುಖ ಉಜ್ಜಿಕೊಂಡ. "ನೋಡು, ನಾನೇನು ಕೆಟ್ಟವನಲ್ಲ. ನೀನು ಇಲ್ಲಿರೋವರೆಗೆ ಅವರು ಕಾಲಿಡಲ್ಲ ಅಂದಿದಾರೆ. ಅವರಿಲ್ಲದೆ ಹಾಲ್ ನಡೆಯಲ್ಲ. ನೀನು ಹೋಗಬೇಕು ರೋನಿ."

"ಮದುವೆ ಆಗಿದ್ದಕ್ಕಾ?"

"ಮದುವೆ ಆಗಿದ್ದಕ್ಕೇ. ಸುಳ್ಳು ಯಾಕೆ ಹೇಳಲಿ? ಮುಂಚೆ ಇದ್ದ ಹಾಗೇ ಇದ್ದಿದ್ರೆ ಯಾರು ಏನಂತಿದ್ರು?"

"ನೀನೇ ಹಾಲ್ ಕೊಟ್ಟೆ. ನನ್ನ ಜೊತೆ ಕುಣಿದೆ."

"ಕುಣಿದೆ. ಇಲ್ಲ ಅಂತೀನಾ?"

"ಕಾರ್ಮೆಲಾ ಮಂಡಿ?"

ಅವನು ಅಪ್ಪನ ಚಿತ್ರದ ಕಡೆ ನೋಡಲಿಲ್ಲ. "ಈ ತಿಂಗಳು ಮುಗಿಯೋವರೆಗೆ ಕಾರ್ಡು ಇರುತ್ತೆ," ಎಂದ.

ಅವನ ತುಟಿಯಂಚಿನಲ್ಲಿ ಸಕ್ಕರೆ ಪುಡಿ ಬೆಳ್ಳಗೆ ಅಂಟಿಕೊಂಡಿತ್ತು. ಚಿಕ್ಕಂದಿನಲ್ಲಾಗಿದ್ದರೆ ಏಪ್ರನ್ನಿನ ತುದಿಯಿಂದ ಒರೆಸುತ್ತಿದ್ದಳು.

"ಬಾಯಿ ಒರೆಸ್ಕೋ ಎಮಿಲ್," ಎಂದಳು. "ನನ್ನ ಮದುವೆ ಇನ್ನೂ ನಿನ್ನ ತುಟಿ ಮೇಲಿದೆ."

ಹೊರಗೆ ಬಂದಾಗ ಡಬ್ಬದ ಸುತ್ತ ಯಾರೂ ಇರಲಿಲ್ಲ. ಎಲ್ಲರಿಗೂ ಒಮ್ಮೆಗೇ ಎಲ್ಲೋ ಏನೋ ಕೆಲಸ ನೆನಪಾಗಿತ್ತು. ಡಾರ್ಲೀನ್ ಮಾತ್ರ ಸಿಂಕಿನ ಮುಂದೆ ನಿಂತು, ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. ಮುಂದಿನ ವಾರದಿಂದ ಅಡುಗೆಮನೆ ಅವಳ ಕೈಗೆ ಹೋಯಿತು.

ಕಾರ್ಮೆಲಾ ಸುಮ್ಮನಿರುವವಳಲ್ಲ. ರೋನಿಯನ್ನು ಎಳೆದುಕೊಂಡು ಪೇಟೆಯ ವಕೀಲೆ ಗ್ವೆನ್ ಬ್ರಾಂಟ್ ಬಳಿಗೆ ಹೋದಳು. ವಯಸ್ಸಿನ್ನೂ ಎಳೆಯದು, ಮಾತು ನೇರ.

"ಯಾಕೆ ತೆಗೀತಿದೀನಿ ಅಂತ ಬಾಯಿಬಿಟ್ಟು ಹೇಳಿದ್ರಾ?"

"ಹೇಳಿದ. ಮದುವೆ ಆಗಿದ್ದಕ್ಕೆ ಅಂದ."

"ಅಯ್ಯೋ," ಎಂದಳು ವಕೀಲೆ.

"ನಿಜ ಹೇಳಿದ್ದು ನಮಗೆ ಒಳ್ಳೇದಲ್ವಾ?"

"ವಯಸ್ಸಾಯ್ತು ಅಂತ ತೆಗೆದಿದ್ರೆ ಹಿಡೀಬಹುದಿತ್ತು. ನಿಮ್ಮ ದೇವರು ಬೇರೆ, ನಿಮ್ಮ ಹಿರಿಯರ ದೇಶ ಬೇರೆ ಅಂತ ತೆಗೆದಿದ್ರೂ ಹಿಡೀಬಹುದಿತ್ತು. ಹೆಂಗಸನ್ನ ಮದುವೆ ಆದ್ರಿ ಅಂತ ತೆಗೆದ್ರೆ ಓಹಾಯೋದಲ್ಲಿ ಹಿಡಿಯೋ ಕಾನೂನೇ ಇಲ್ಲ. ಅವರು ನಿಜವಾದ ಕಾರಣ ಹೇಳಿದಾರಲ್ಲ, ಅದಕ್ಕೇ ಕಷ್ಟ."

ಕಾರ್ಮೆಲಾ ಕೋಲನ್ನು ನೆಲಕ್ಕೆ ಕುಟ್ಟಿದಳು. "ಮದುವೆ ಆಗಬಹುದು ಅಂತ ದೊಡ್ಡ ಕೋರ್ಟೇ ಹೇಳಿದೆಯಲ್ಲಮ್ಮಾ!"

"ಅದು ಸರ್ಕಾರಕ್ಕೆ ಹೇಳಿದ್ದು, ತಡೀಬೇಡಿ ಅಂತ. ಯಜಮಾನರಿಗೆ ಯಾರೂ ಏನೂ ಹೇಳಿಲ್ಲ."

"ಅಂದ್ರೆ ಭಾನುವಾರದ ಕಾನೂನು ಬೇರೆ, ಮಂಗಳವಾರದ್ದು ಬೇರೆ."

ವಕೀಲೆ ಒಂದು ದಾರಿ ಇದೆ ಎಂದಳು. ಹೆಣ್ಣು ಗಂಡು ಎಂದು ಕೆಲಸದಲ್ಲಿ ಭೇದ ಮಾಡಬಾರದು ಎಂಬ ಹಳೆಯ ಕಾನೂನೊಂದಿದೆ. ಅದರೊಳಗೆ ನೀವೂ ಬರುತ್ತೀರಿ ಎಂದು ಕೆಲವರು ವಾದಿಸುತ್ತಿದ್ದಾರೆ. ಈ ಭಾಗದ ಕೋರ್ಟು ಒಪ್ಪಿಲ್ಲ. ಆದರೂ ಕೇಂದ್ರದ ಕಚೇರಿಗೆ ದೂರು ಕೊಟ್ಟಿಡಬಹುದು. ಅದಕ್ಕೆ ಗಡುವಿದೆ, ದಾಟಿದರೆ ಮತ್ತೆ ಇಲ್ಲ. ಎಳೆದಾಡಲು ವರ್ಷಗಳೇ ಬೇಕು.

"ನಡೆದಿದ್ದು ತೋರಿಸೋಕೆ ಏನು ಬೇಕು?" ಎಂದಳು ರೋನಿ.

"ಆ ಫೋಟೋ. ಆಮೇಲೆ ಆ ಹೆಂಗಸರು. ಇರ್ಮಾ, ಆಗ್ನೆಸ್, ಮಿಕ್ಕವರು. ಚರ್ಚಿನಿಂದ ಒತ್ತಡ ಬಂತು ಅಂತ ಅವರು ಹೇಳಬೇಕಾಗುತ್ತೆ."

"ಅವರ ಹೆಸರು ಮತ್ತೆ ಹೊರಗೆ ಬರುತ್ತೆ."

"ಬರುತ್ತೆ. ಪತ್ರಿಕೆಗೂ ಬರಬಹುದು."

ಅದಕ್ಕೆ ಮೊದಲಿನ ವಾರ ರೋನಿ ಅಂಗಡಿಯ ಬಾಗಿಲಲ್ಲಿ ಇರ್ಮಾಳನ್ನು ಕಂಡಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನಿದ್ದೆಗೆಟ್ಟದ್ದೋ ಇನ್ನೇನೋ, ಕೇಳುವ ಧೈರ್ಯವಾಗಲಿಲ್ಲ. ಇರ್ಮಾ ಒಂದೇ ಮಾತು ಆಡಿದ್ದಳು: "ಹೆಸರು ಬರಿ ಅಂತ ನಾನು ಕೇಳಿದ್ನಾ ರೋನಿ?"

ರೋನಿ ಎದ್ದು ನಿಂತು ಕೋಟು ಹಾಕಿಕೊಂಡಳು. "ಬೇಡಮ್ಮ. ಒಂದು ಸಲ ಅವರ ಹೆಸರು ಬರೆದು ಸಾಕಾಗಿದೆ."

ದಾರಿಯುದ್ದಕ್ಕೂ ಕಾರ್ಮೆಲಾ ಬೈದಳು. "ಅವರ ಬಿಸ್ಕತ್ತಿಗೆ ಮರ್ಯಾದೆ ಕೊಟ್ಟೆ, ಅವರ ಗುಟ್ಟಿಗೂ ಮರ್ಯಾದೆ ಕೊಡು. ನನ್ನ ಮಂಡಿಗೆ ಯಾರೇ ಮರ್ಯಾದೆ ಕೊಡೋರು?" ನವೆಂಬರು ಬಂತು, ಡಾಕ್ಟರು ಕೊಟ್ಟ ದಿನವೂ ಬಂತು. ಆ ದಿನ ಕಾರ್ಮೆಲಾ ಎಂದಿನಂತೆ ಬಕೆಟ್ಟು ಹಿಡಿದು ಯಾರದೋ ಮನೆಯ ನೆಲ ಒರೆಸಲು ಹೋದಳು.

ರೋನಿಗೆ ದೊಡ್ಡ ಅಂಗಡಿಯೊಂದರ ಬೇಕರಿಯಲ್ಲಿ ಅರೆಹೊತ್ತಿನ ಕೆಲಸ ಸಿಕ್ಕಿತು. ಎಲ್ಲಿಂದಲೋ ಹೆಪ್ಪುಗಟ್ಟಿಸಿದ ಹಿಟ್ಟು ಲಾರಿಯಲ್ಲಿ ಬರುತ್ತಿತ್ತು. ಅವಳು ಒಲೆಗಿಟ್ಟು, ತೆಗೆದು, ಡಬ್ಬಕ್ಕೆ ಹಾಕುತ್ತಿದ್ದಳು. ಅರೆಹೊತ್ತಿನವರಿಗೆ ವಿಮೆ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಡಾರ್ಲೀನ್ ಮನೆ ಬಾಗಿಲಿಗೆ ಬಂದಳು. ಮೆಟ್ಟಿಲ ಮೇಲೆಯೇ ನಿಂತಳು.

"ನನ್ನ ಮಗಳು ಕ್ರಿಸ್ಟಾಗೆ ಮದುವೆ, ರೋನಿ. ನಿನ್ನ ಕೊಲಾಚಿ ಇಲ್ಲದೆ ಮೇಜು ಮೇಜಾಗಲ್ಲ ಅಂತ ಅಳ್ತಿದಾಳೆ. ಹುಟ್ಟಿದಾಗಿಂದ ನಿನ್ನ ಕೈದೇ ತಿಂದು ಬೆಳೆದವಳು."

"ಮಾಡ್ತೀನಿ. ಕೇಳಿದ ಮೇಲೆ ಇಲ್ಲ ಅಂತೀನಾ?"

ಡಾರ್ಲೀನ್ ಹೋಗಲಿಲ್ಲ. ಕೈಚೀಲದ ಹಿಡಿಯನ್ನು ತಿರುಚುತ್ತ ನಿಂತಳು. "ಬೇಜಾರು ಮಾಡ್ಕೋಬೇಡ ಕಣೇ. ಹುಡುಗನ ಕಡೆಯವರು ಗುಡ್ಡದ ಚರ್ಚಿನವರು. ಚೀಟಿ ಮಾತ್ರ... ಇಡಲ್ಲ. ಸರಿನಾ?"

ಒಳಗಿನಿಂದ ಕಾರ್ಮೆಲಾ ಕೂಗಿದಳು: "ಅಂಗಡಿಯಿಂದ ತಂದಿದ್ದು ಅಂತ ಬರಿ ಡಾರ್ಲೀನ್! ಇಲ್ಲಾ ಆಕಾಶದಿಂದ ಬಿತ್ತು ಅಂತ ಬರಿ! ನಿಮ್ಮ ಚರ್ಚಿನವರು ಅದನ್ನ ನಂಬ್ತಾರೆ!"

ಡಾರ್ಲೀನ್ ಅಳತೊಡಗಿದಳು. ಅವಳನ್ನು ಸಮಾಧಾನ ಮಾಡುವ ಕೆಲಸವೂ ರೋನಿಗೇ ಬಂತು.

ರೋನಿ ಕೊಲಾಚಿ ಮಾಡಿದಳು. ಹುಳಿಕೆನೆ ಹಾಕಿ ನಾದಿದ ಹಿಟ್ಟನ್ನು ಎಂದಿನಂತೆ ತಣ್ಣಗಿಟ್ಟಳು, ತೆಳ್ಳಗೆ ಲಟ್ಟಿಸಿದಳು, ಹೂರಣ ಸೋರದಂತೆ ಮಡಿಸಿದಳು. ಮದುವೆಗೆ ಕರೆದಿದ್ದರೂ ಇಬ್ಬರೂ ಹೋಗಲಿಲ್ಲ. ಆ ಸಂಜೆ ಊರಿನ ಆಚೆ ತುದಿಯ ಪೋಲಾಂಚೆಕ್ ಹಾಲ್‌ನಲ್ಲಿ ಅವಳ ತಟ್ಟೆಯೊಂದೇ ಹೆಸರಿಲ್ಲದೆ ಕೂತಿತ್ತು. ಎಲ್ಲಕ್ಕಿಂತ ಮೊದಲು ಅದೇ ಖಾಲಿಯಾಯಿತಂತೆ. ಪಾದ್ರಿ ಎರಡು ಸಲ ತೆಗೆದುಕೊಂಡರಂತೆ. ತಟ್ಟೆ ವಾಪಸು ತಂದ ಡಾರ್ಲೀನ್ ಇದನ್ನು ಒಳ್ಳೆಯ ಸುದ್ದಿ ಎಂದುಕೊಂಡೇ ಹೇಳಿದಳು. ರೋನಿ ತಟ್ಟೆಯನ್ನು ತೊಳೆದು ಮೇಲಿನ ಗೂಡಿಗೆ, ಕೈಗೆ ಎಟುಕದ ಕಡೆ ಇಟ್ಟಳು. ಆಮೇಲೆ ಅವಳು ಕೊಲಾಚಿ ಮಾಡಲಿಲ್ಲ. ಕೇಳಲು ಬಂದವರಿಗೆ ಕೈ ನೋವು ಎಂದಳು. ಹೆಣ್ಣು ಕೇಳಿದರೆ ಇಲ್ಲವೆನ್ನಬಾರದೆಂಬ ಪದ್ಧತಿಯನ್ನು ಆ ಕಣಿವೆಯಲ್ಲಿ ಮುರಿದವಳು ಬಹುಶಃ ಅವಳೊಬ್ಬಳೇ.

ಅರವತ್ತೈದು ತುಂಬಿದ ಮೇಲೆ ಕಾರ್ಮೆಲಾಗೆ ಸರ್ಕಾರದ ವಿಮೆ ಕಾರ್ಡು ಬಂತು, ಮಂಡಿಯೂ ಹೊಸದಾಯಿತು. ಅಷ್ಟರಲ್ಲಿ ಕುಂಟಿ ಕುಂಟಿ ಸೊಂಟ ವಾಲಿಹೋಗಿತ್ತು. ನಡೆದಾಡಿದರೆ ಸಾಕು, ಕುಣಿತ ಗಿಣಿತ ಮರೆತುಬಿಡಿ ಎಂದರು ಡಾಕ್ಟರು.

ರೋಗದ ವರ್ಷ, ಎರಡು ಸಾವಿರದ ಇಪ್ಪತ್ತರ ಜೂನಿನಲ್ಲಿ, ವಕೀಲೆ ಗ್ವೆನ್ ಫೋನ್ ಮಾಡಿದಳು. "ರೋನಿ, ಕೇಳಿದ್ರಾ? ಆ ಹಳೇ ಕಾನೂನಲ್ಲಿ ನೀವೂ ಸೇರಿದೀರಿ ಅಂತ ದೊಡ್ಡ ಕೋರ್ಟು ಹೇಳ್ತು. ಇನ್ಮೇಲೆ ಹಾಗೆಲ್ಲಾ ಕೆಲಸದಿಂದ ತೆಗೆಯೋ ಹಾಗಿಲ್ಲ. ನಾವು ಗೆದ್ವಿ!"

"ನನ್ನದು?"

"ಗಡುವಿನೊಳಗೆ ದೂರು ಕೊಟ್ಟಿದ್ದವರಿಗೆ ಆಗುತ್ತೆ. ನೀವು ಅವತ್ತು..."

"ಹೌದು," ಎಂದಳು ರೋನಿ. "ನಾನು ಅವತ್ತು ಎದ್ದು ಬಂದೆ. ಒಳ್ಳೇದಾಯ್ತು ಬಿಡಮ್ಮ. ಮುಂದಿನವರಿಗಾದರೂ ಆಯ್ತಲ್ಲ." ಅಂದದ್ದೇನೋ ಮನಸ್ಸಿನಿಂದಲೇ. ಆದರೂ ಫೋನ್ ಇಟ್ಟಮೇಲೆ ಬಾಯಿ ಕಹಿಯಾಗಿತ್ತು.

ಮುಂದಿನ ವರ್ಷ ಮದುವೆಗಳು ಮತ್ತೆ ಶುರುವಾದವು. ಒಂದು ಮಧ್ಯಾಹ್ನ ಅಂಗಡಿಯ ಬೇಕರಿ ಮುಂದೆ ಎಮಿಲ್ ನಿಂತಿದ್ದ. ಮುಖಕ್ಕೆ ಮಾಸ್ಕು, ತಲೆ ಬೆಳ್ಳಗಾಗಿತ್ತು.

"ರೋನಿ! ಎಷ್ಟು ಕಾಲ ಆಯ್ತು. ಕಾರ್ಮೆಲಾ ಹೇಗಿದಾಳೆ?"

"ಕೂತಿದಾಳೆ."

"ಡಾರ್ಲೀನ್ ಬಿಟ್ಟುಹೋದಳು. ಮೇಜು ನೋಡ್ಕೊಳ್ಳೋಕೆ ಯಾರೂ ಇಲ್ಲ. ನೀನು ವಾಪಸ್ ಬಾ. ಈಗ ಕಾಲ ಬದಲಾಗಿದೆ, ಕಾನೂನೇ ಇದೆ. ಚರ್ಚಿನವರು ಏನಾದ್ರೂ ಅಂದ್ರೆ, ಕಾನೂನು ನೋಡ್ರಪ್ಪಾ ಅಂತ ಹೇಳಬಹುದು ನಾನು. ಅವತ್ತು ನನಗೆ ಹೇಳೋಕೆ ಏನಿತ್ತು ಹೇಳು?"

"ಅವರಿಗೆ ಆಗಲ್ಲ ಅಂತ ಹೇಳಬಹುದಿತ್ತು," ಎಂದಳು ರೋನಿ.

ಎಮಿಲ್ ಗಾಜಿನ ಮೇಲೆ ಬೆರಳಾಡಿಸಿದ. "ನಿನ್ನ ಮೇಲೆ ನನಗೇನೂ ಕೋಪ ಇರಲಿಲ್ಲ ರೋನಿ. ನಿನ್ನ ಮದುವೇಲಿ ಕುಣಿದವನು ನಾನು. ಬಾ. ಚೀಟೀಲಿ ನಿನ್ನ ಹೆಸರು ದೊಡ್ಡದಾಗಿ ನಾನೇ ಬರೀತೀನಿ. ಬೋರ್ಡಿಗೆ ಬೇಕಾದ್ರೂ ಹಾಕಿಸ್ತೀನಿ."

ರೋನಿ ಕೈಗವಸು ಸರಿಮಾಡಿಕೊಂಡಳು. ಅವಳ ಹಿಂದೆ ಒಲೆ ಗಂಟೆ ಬಾರಿಸಿತು. ಹೋಗಿ, ಹೊಸ ತಟ್ಟೆ ಹೊರಗೆಳೆದು, ಆರಲು ಇಟ್ಟು, ಅವಸರವಿಲ್ಲದೆ ಬಂದಳು. ಅವನು ಇನ್ನೂ ನಿಂತೇ ಇದ್ದ.

"ಏನಾದ್ರೂ ಬೇಕಿತ್ತಾ ಎಮಿಲ್? ಹಿಂದೆ ಜನ ಕಾಯ್ತಿದಾರೆ."

ಅವನು ತಿರುಗಿ ನೋಡಿದ. ನಿಜಕ್ಕೂ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಕಾಯುತ್ತಿದ್ದಳು. ಗಾಜಿನೊಳಗೆ ಕೈ ತೋರಿಸಿದ. "ಅದು ಕೊಡು. ಕೊಲಾಚಿ ಥರ ಇದೆಯಲ್ಲ. ನೀನೇ ಮಾಡಿದ್ದಾ?"

ರೋನಿ ಡಬ್ಬ ಮುಚ್ಚಿ, ಬೆಲೆಯ ಚೀಟಿ ಅಂಟಿಸಿ, ಗಾಜಿನ ಮೇಲಿಂದ ಅವನ ಕೈಗಿಟ್ಟಳು.

"ಇಲ್ಲ," ಎಂದಳು. "ಯಾರೂ ಮಾಡಿದ್ದಲ್ಲ. ಲಾರೀಲಿ ಬರುತ್ತೆ."

ಆಮೇಲೆ ಮಗುವಿನ ತಾಯಿಯ ಕಡೆ ತಿರುಗಿದಳು.